ಬೀಡಿನ ಹೆಡ್ಡೋ, ಅಲ್ಯೂಮಿನಿಯಂ ಹೆಡ್ಡೋ?

ಹೋದ ಸಂಚಿಕೆಯಲ್ಲಿ ಹೆಡ್ ಗ್ಯಾಸ್ಕೆಟ್ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಹೊಸೂರು, ಕೃಷ್ಣಗಿರಿ ಕಡೆಯವು. ಟಿವಿಎಸ್ ಮೊಪೆಡ್ಡೂ ಅಶೋಕ್ ಲೇಲ್ಯಾಂಡ್ ಲಾರಿಯೂ 1980ರಲ್ಲಿ ಬಂದು ನೆಲೆಯೂರಿದ ಊರು ಹೊಸೂರು. ಎಂಜಿನ್ನಿನ ಯಾವುದಾದರೊಂದು ತುಂಡನ್ನು ಕೈಯಲ್ಲಿ ಹಿಡಿದು ದುಡಿದವರು ಅಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಹಾಗಾಗಿ ಪ್ರಶ್ನೆಗಳೂ ಗಟ್ಟಿಯಾಗಿವೆ. ಬಹಳ ಜನ ಕೇಳಿರುವುದು ಒಂದೇ ಮಾತು: ಎಂಜಿನ್ನಿನ ಶಕ್ತಿ ಹೆಚ್ಚಿಸಬೇಕಾದರೆ ಬೀಡಿನ ಹೆಡ್ಡು ತೆಗೆದು ಅಲ್ಯೂಮಿನಿಯಂ ಹಾಕಬೇಕೇ? ಆರು ಕಾಗದ ಆರಿಸಿಕೊಂಡಿದ್ದೇನೆ.

ನನ್ನ ಹತ್ತಿರ ತಾತನ ಕಾಲದ ಮಾರ್ಕ್ 2 ಅಂಬಾಸಿಡರ್ ಇದೆ. ಎಂಜಿನ್ 1489 ಸಿಸಿ, ಹೆಡ್ಡು ಬೀಡಿನದು. ಇಂಗ್ಲೆಂಡಿನಲ್ಲಿರುವ ಭಾವ, ಅಲ್ಲಿ ಎಂಜಿ ಕಾರಿಗೆ ಮಾಡಿದ ಅಲ್ಯೂಮಿನಿಯಂ ಹೆಡ್ಡು ಸಿಗುತ್ತದೆ, ಕಳಿಸುತ್ತೇನೆ ಅನ್ನುತ್ತಾರೆ. ನಮ್ಮ ಮೇಸ್ತ್ರಿ "ಬೀಡಿನದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ, ಮುಟ್ಟಬೇಡಿ" ಅನ್ನುತ್ತಾರೆ. ಗಾಡಿ ಜೋರಾಗಿ ಓಡಬೇಕು ಅನ್ನುವುದು ನನ್ನ ಆಸೆ. ಯಾರ ಮಾತು ಕೇಳಲಿ?
— ಮತ್ತಿಗಿರಿಯ ಓದುಗ

ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಆದರೆ ಇಬ್ಬರೂ ನಿಮ್ಮ ಪ್ರಶ್ನೆಗೆ ಉತ್ತರ ಹೇಳಿಲ್ಲ.

ಮೊದಲು ಲೋಹದ ಗುಣ ನೋಡೋಣ. ಒಂದೇ ಗಾತ್ರದ ತುಂಡು ತೂಗಿದರೆ ಬೀಡು ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಅದು ಕೈಗೇ ಗೊತ್ತಾಗುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ಕೈಗೆ ಗೊತ್ತಾಗದ ಗುಣ ಇನ್ನೊಂದಿದೆ. ಹೆಡ್ಡಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹ ಬೀಡಿನ ಸುಮಾರು ಮೂರು ಪಟ್ಟು ವೇಗದಲ್ಲಿ ಬಿಸಿಯನ್ನು ದಾಟಿಸುತ್ತದೆ. ಪೆಟ್ರೋಲ್ ಉರಿಯುವ ಗೂಡಿನ ಗೋಡೆ ಬೀಡಿನದಾದರೆ ಬಿಸಿ ಅಲ್ಲೇ ನಿಲ್ಲುತ್ತದೆ. ಎಕ್ಸಾಸ್ಟ್ ವಾಲ್ವಿನ ಸುತ್ತ ಲೋಹ ಕಾದು, ಸ್ಪಾರ್ಕ್ ಹೊತ್ತಿಸಿದ ಬೆಂಕಿ ಅಲ್ಲಿಗೆ ತಲುಪುವ ಮೊದಲೇ ಮೂಲೆಯ ಗ್ಯಾಸು ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ಅಲ್ಯೂಮಿನಿಯಂ ಆ ಬಿಸಿಯನ್ನು ನೀರಿಗೆ ದಾಟಿಸಿಬಿಡುವುದರಿಂದ ನಾಕಿಂಗ್ ಸ್ವಲ್ಪ ದೂರ ಸರಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ನೀರಿಗೆ ಹೋದ ಬಿಸಿ ಪಿಸ್ಟನ್ನನ್ನು ತಳ್ಳುವುದಿಲ್ಲ. ಕಂಪ್ರೆಶನ್ ಮೊದಲಿದ್ದಷ್ಟೇ ಇಟ್ಟು ಲೋಹ ಮಾತ್ರ ಬದಲಿಸಿದರೆ ಶಕ್ತಿ ಹೆಚ್ಚುವುದಿಲ್ಲ, ಕೂದಲೆಳೆಯಷ್ಟು ಕಡಿಮೆಯೂ ಆಗಬಹುದು. ಅಲ್ಯೂಮಿನಿಯಂ ಕೊಡುವುದು ಕಂಪ್ರೆಶನ್ ಏರಿಸುವ ಅವಕಾಶ, ಅಷ್ಟೇ. ಅದೇ ಪೆಟ್ರೋಲಿನಲ್ಲಿ ಅರ್ಧದಿಂದ ಒಂದು ಅಂಕಿಯಷ್ಟು ಏರಿಸಬಹುದು ಅನ್ನುವುದು ವರ್ಕ್‌ಶಾಪಿನ ಲೆಕ್ಕ. 8ರಿಂದ 9ಕ್ಕೆ ಏರಿಸಿದರೆ ಪುಸ್ತಕದ ಸೂತ್ರದಲ್ಲಿ ಸಿಗುವುದು ನೂರಕ್ಕೆ ಮೂರೂವರೆ, ರಸ್ತೆಯಲ್ಲಿ ಎರಡೋ ಮೂರೋ. ಐವತ್ತು ಕುದುರೆಶಕ್ತಿಯ ಎಂಜಿನ್ನಿನಲ್ಲಿ ಅದು ಒಂದೂವರೆ ಕುದುರೆ. ಅಷ್ಟಕ್ಕೆ ಇಂಗ್ಲೆಂಡಿನಿಂದ ಹೆಡ್ಡು ತರಿಸಿ, ಸಾಗಣೆಯ ಖರ್ಚು, ಕಸ್ಟಮ್ಸ್ ಎಲ್ಲ ಕಟ್ಟಬೇಕೇ?

ಹಾಗಾದರೆ ಆ ಹೆಡ್ಡು ಹಾಕಿಸಿಕೊಂಡವರು ಗಾಡಿ ಹಾರಿತು ಅನ್ನುವುದು ಸುಳ್ಳೇ? ಅಲ್ಲ. ಅವರ ಗಾಡಿ ಹಾರಿದ್ದು ಪೋರ್ಟಿನಿಂದ. ನಿಮ್ಮ ಅಂಬಾಸಿಡರಿನ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಯದು, ಎಂಜಿ ಕಾರಿನದೂ ಅದೇ ವಂಶ. ಅದರ ಬೀಡಿನ ಹೆಡ್ಡನ್ನು ಬಿಚ್ಚಿ ಪಕ್ಕದಿಂದ ನೋಡಿ: ಐದೇ ತೂತು. ಗಾಳಿ ಒಳಗೆ ಬರಲು ಎರಡು, ಹೊಗೆ ಹೊರಗೆ ಹೋಗಲು ಮೂರು, ಐದೂ ಒಂದೇ ಪಕ್ಕದಲ್ಲಿ. ಅಂದರೆ ನಾಲ್ಕು ಸಿಲಿಂಡರುಗಳು ಎರಡೇ ಬಾಗಿಲಲ್ಲಿ ಉಸಿರೆಳೆಯಬೇಕು, ಮಧ್ಯದ ಎರಡು ಸಿಲಿಂಡರುಗಳ ಹೊಗೆ ಒಂದೇ ತೂತಿನಲ್ಲಿ ಹೋಗಬೇಕು. ಎಚ್‌ಆರ್‌ಜಿ ಡೆರಿಂಗ್ಟನ್ ಹೆಸರಿನ ಹಳೆಯ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಗಾಳಿ ಒಂದು ಪಕ್ಕದಿಂದ ಒಳಗೆ, ಹೊಗೆ ಇನ್ನೊಂದು ಪಕ್ಕದಿಂದ ಹೊರಗೆ. ಲಾಭ ಬಂದದ್ದು ಆ ದಾರಿಯಿಂದ. ಅದೇ ದಾರಿಗಳನ್ನು ಬೀಡಿನಲ್ಲಿ ಎರಕ ಹೊಯ್ದಿದ್ದರೂ ಲಾಭದ ಬಹುಪಾಲು ಸಿಗುತ್ತಿತ್ತು. ಆದ್ದರಿಂದ ಭಾವನವರನ್ನು ಒಂದೇ ಮಾತು ಕೇಳಿ: ಆ ಹೆಡ್ಡಿನಲ್ಲಿ ಎಷ್ಟು ಪೋರ್ಟು? ಐದೇ ಅಂದರೆ ಬೇಡ ಅನ್ನಿ.

ಇದೇ ಬಿ ಸರಣಿಯಲ್ಲಿ ಕಲಿಯಬೇಕಾದ ಹಳೆಯ ಪಾಠವೂ ಒಂದಿದೆ. 1958ರಲ್ಲಿ ಎಂಜಿಎ ಟ್ವಿನ್ ಕ್ಯಾಮ್ ಬಂತು. ಬೀಡಿನ ಬ್ಲಾಕು, ಮೇಲೆ ಎರಡು ಕ್ಯಾಮ್‌ಶಾಫ್ಟಿನ ಅಲ್ಯೂಮಿನಿಯಂ ಹೆಡ್ಡು, 1588 ಸಿಸಿ, ಕಂಪ್ರೆಶನ್ 9.9. ಓಟ ಅದ್ಭುತವಾಗಿತ್ತು. ಆದರೆ ಪಿಸ್ಟನ್‌ಗಳು ತೂತು ಬೀಳತೊಡಗಿದವು. ಆಮೇಲೆ ಕಂಪ್ರೆಶನ್ನನ್ನು 8.3ಕ್ಕೆ ಇಳಿಸಿದರು. ಅಷ್ಟರಲ್ಲಿ ಹೆಸರು ಕೆಟ್ಟಿತ್ತು; 1960ರಲ್ಲಿ 2,111 ಕಾರಿಗೆ ತಯಾರಿಕೆ ನಿಂತಿತು. ಪೆಟ್ರೋಲ್, ಟೈಮಿಂಗ್, ಕಾರ್ಬುರೇಟರ್ ಮೂರೂ ಜೊತೆ ಕೊಡದಿದ್ದರೆ ಎಂಥ ಅಲ್ಯೂಮಿನಿಯಂ ಹೆಡ್ಡೂ ಪಿಸ್ಟನ್ ಉಳಿಸಲಾರದು.

ನಾನು ನಿಮ್ಮ ಜಾಗದಲ್ಲಿದ್ದರೆ ಬೀಡಿನ ಹೆಡ್ಡನ್ನೇ ಇಟ್ಟುಕೊಳ್ಳುತ್ತಿದ್ದೆ. ಮಾಡಿಸಬೇಕಾದ್ದು ಹೀಗೆ. ಹೆಡ್ಡು ಬಿಚ್ಚಿ, ಕಾರ್ಬನ್ ತೆಗೆದು, ಬಿರುಕು ಇದೆಯೇ ನೋಡಿಸಿ. ಎರಡು ವಾಲ್ವ್ ಸೀಟುಗಳ ನಡುವಿನ ಸಣ್ಣ ಸೇತುವೆಯೇ ಬೀಡಿನ ಹೆಡ್ಡು ಮೊದಲು ಬಿರಿಯುವ ಜಾಗ. ಆಮೇಲೆ ಎಕ್ಸಾಸ್ಟ್ ಸೀಟು. ನಿಮ್ಮ ಹಳೆಯ ಹೆಡ್ಡಿನಲ್ಲಿ ಸೀಟನ್ನು ಬೀಡಿನಲ್ಲೇ ನೇರವಾಗಿ ಕೊರೆದಿರುತ್ತಾರೆ. ಸೀಸವಿದ್ದ ಪೆಟ್ರೋಲಿನ ಕಾಲದಲ್ಲಿ ಆ ಸೀಸವೇ ಸೀಟಿಗೆ ಲೇಪವಾಗಿ ಕಾಯುತ್ತಿತ್ತು. 2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ. ಜೋರಾಗಿ ಓಡಿಸಿದರೆ ವಾಲ್ವು ಸೀಟನ್ನು ತಿನ್ನುತ್ತಾ ಮೇಲೇರುತ್ತದೆ, ಟ್ಯಾಪೆಟ್ ಗ್ಯಾಪು ಮುಚ್ಚಿಕೊಳ್ಳುತ್ತಾ ಬರುತ್ತದೆ. ಗಟ್ಟಿ ಲೋಹದ ಸೀಟು ಉಂಗುರಗಳನ್ನು ಕೂರಿಸಿಬಿಡಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಆ ಉಂಗುರ ಮೊದಲಿಂದಲೇ ಇರುತ್ತದೆ, ಯಾಕೆಂದರೆ ಮೆತ್ತನೆಯ ಲೋಹ ವಾಲ್ವಿನ ಪೆಟ್ಟು ತಾಳದು.

ಪೋರ್ಟಿನಲ್ಲಿ ಎರಕದ ಗಂಟುಗಳನ್ನು, ಗ್ಯಾಸ್ಕೆಟ್ ಹತ್ತಿರದ ಮೆಟ್ಟಿಲನ್ನು ತೆಗೆಸಿ. ದೊಡ್ಡದು ಮಾಡಿಸಬೇಡಿ, ಕನ್ನಡಿಯಂತೆ ಹೊಳೆಯಬೇಕಾಗಿಯೂ ಇಲ್ಲ. ಕೊನೆಗೆ ಕಂಪ್ರೆಶನ್. ನಿಮ್ಮ ಒಂದು ಸಿಲಿಂಡರು 372 ಸಿಸಿ. ಕಂಪ್ರೆಶನ್ 7.2 ಇದ್ದರೆ ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ಗ್ಯಾಸ್ಕೆಟ್ಟಿನದೂ ಸೇರಿ 60 ಸಿಸಿ. 8.3 ಬೇಕಾದರೆ ಅದು 51 ಸಿಸಿಗೆ ಇಳಿಯಬೇಕು. ಇದನ್ನು ಕಣ್ಣಂದಾಜಿನಲ್ಲಿ ಮಾಡಿಸಬೇಡಿ. ಹೆಡ್ಡನ್ನು ಬೋರಲು ಇಟ್ಟು, ವಾಲ್ವು ಪ್ಲಗ್ಗು ಹಾಕಿ, ಗೂಡಿನ ಮೇಲೆ ತೂತಿರುವ ಗಾಜು ಮುಚ್ಚಿ, ಶಾಲೆಯ ಲ್ಯಾಬಿನ ಬ್ಯೂರೆಟ್ಟಿನಿಂದ ಸೀಮೆಎಣ್ಣೆ ಬಿಡಿ. ನಾಲ್ಕೂ ಗೂಡು ಅಳೆಯಿರಿ. ನಾಲ್ಕೂ ಒಂದೇ ಅಳತೆಗೆ ಬಂದ ಮೇಲೆ ಮಾತ್ರ ಹೆಡ್ಡಿನ ಅಡಿಮೈ ಸವರುವ ಫೇಸಿಂಗ್.

ಪೋರ್ಟು ಹೆಚ್ಚಿರುವ ಹೆಡ್ಡೇ ಸಿಕ್ಕಿತು, ತರಿಸಿಯೇ ತರಿಸುತ್ತೀರಿ ಅಂದರೆ ಒಂದು ಎಚ್ಚರಿಕೆ. ಎಂಜಿಬಿ ಕಾರಿನ ಎಂಜಿನ್ 1798 ಸಿಸಿ, ಅದರ ಬೋರು 80.26 ಮಿಲಿಮೀಟರು, ನಿಮ್ಮದು 73.02. ಅದರ ದೊಡ್ಡ ವಾಲ್ವು ನಿಮ್ಮ ಬ್ಲಾಕಿನ ಅಂಚಿಗೆ ತಗಲಬಹುದು. ಬೋಲ್ಟು ಬಿಗಿಯುವ ಮೊದಲು ಬ್ಲಾಕಿನ ಅಂಚಿನ ಮೇಲೆ ಮೆತ್ತನೆಯ ಜೇಡಿ ಹಚ್ಚಿ, ಹೆಡ್ಡು ಕೂರಿಸಿ, ಎಂಜಿನ್ನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ ನೋಡಿ.

ಬೀಡಿನ ಹೆಡ್ಡಿನ ಹಳೆಯ ಪೆಟ್ರೋಲ್ ಗಾಡಿ. ಫೇಸಿಂಗ್ ಮಾಡಿಸಿ ಕಂಪ್ರೆಶನ್ ಏರಿಸಿದ್ದೇನೆ. ಹೊಸೂರಿನಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ. ಶೂಲಗಿರಿ ದಾಟಿ ಕೃಷ್ಣಗಿರಿಗೆ ಇಳಿದು ಅಲ್ಲಿಂದ ವಾಪಸು ಹೊರಟರೆ ಟಕಟಕ ಶಬ್ದ. ಪೆಟ್ರೋಲ್ ಕಲಬೆರಕೆ ಇರಬಹುದೇ?
— ಹೊಸೂರು, ಬಾಗಲೂರು ರಸ್ತೆ

ಬಂಕಿನವರನ್ನು ಅನುಮಾನಿಸುವ ಮೊದಲು ಭೂಗೋಳ ನೋಡಿ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಕೃಷ್ಣಗಿರಿ 500ರ ಆಸುಪಾಸು. ಹೊಸೂರಿನ ಗಾಳಿ ಕಡಲತೀರದ ಗಾಳಿಗಿಂತ ನೂರಕ್ಕೆ ಹತ್ತರಷ್ಟು ತೆಳು. ನಿಮ್ಮ ಎಂಜಿನ್ ಅಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉಸಿರೆಳೆದು ಕೆಲಸ ಮಾಡುತ್ತಿದೆ, ಅದಕ್ಕೇ ತಾಳಿಕೊಂಡಿದೆ. ಕೆಳಗೆ ಇಳಿದಾಗ ಗಾಳಿ ದಟ್ಟವಾಗುತ್ತದೆ, ಬಿಸಿಲೂ ಹೆಚ್ಚು. ಅಲ್ಲಿಂದ ತಿರುಗಿ ಮೇಲುಮಲೆ ಕಡೆ ಏರು ಹತ್ತುವಾಗ ಆಕ್ಸಿಲರೇಟರು ಪೂರ್ತಿ ಒತ್ತಿರುತ್ತೀರಿ, ಸ್ಪೀಡು ಕಡಿಮೆ, ಗಾಳಿಯ ತಂಪು ಕಡಿಮೆ. ನಾಕಿಂಗ್ ಬರಲು ಬೇಕಾದ್ದೆಲ್ಲ ಒಂದೇ ಹೊತ್ತಿಗೆ ಸೇರುತ್ತದೆ.

ಬೆಂಗಳೂರು, ಹೊಸೂರಿನ ಎತ್ತರದಲ್ಲಿ ಎಂಜಿನ್ ಕಟ್ಟುವ ನಮ್ಮಂಥವರೆಲ್ಲ ಮಾಡುವ ತಪ್ಪು ಇದು. ನಾನೂ ಒಮ್ಮೆ ಮಾಡಿದ್ದೇನೆ. ಬೆಂಗಳೂರಿನಲ್ಲಿ ಕಟ್ಟಿ, ಪರೀಕ್ಷೆ ಮಾಡಿ ಕೊಟ್ಟ ಎಂಜಿನ್ನು ಚೆನ್ನೈ ಮುಟ್ಟುವ ಮೊದಲೇ ಪಿಸ್ಟನ್ ಅಂಚು ಕರಗಿಸಿಕೊಂಡಿತು. ಅಂದಿನಿಂದ ಕಂಪ್ರೆಶನ್ ಲೆಕ್ಕವನ್ನು ಗಾಡಿ ಹೋಗುವ ಅತಿ ತಗ್ಗಿನ, ಅತಿ ಬಿಸಿಯ ಊರಿಗೆ ಹಾಕುತ್ತೇನೆ.

ಮೊದಲು ಇಗ್ನಿಷನ್ ಟೈಮಿಂಗನ್ನು ಎರಡು ಡಿಗ್ರಿ ಹಿಂದಕ್ಕೆ ಸರಿಸಿ ನೋಡಿ. ಸಾಲದಿದ್ದರೆ 95 ಆಕ್ಟೇನ್ ಪೆಟ್ರೋಲ್. ಆಮೇಲೂ ಶಬ್ದ ನಿಲ್ಲದಿದ್ದರೆ ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಶನ್ ಇಳಿಸಲೇಬೇಕು. ನಿಮ್ಮ ಗಾಡಿಗೆ ಅಲ್ಯೂಮಿನಿಯಂ ಹೆಡ್ಡು ಇದ್ದಿದ್ದರೆ ಈ ಶಬ್ದ ಬಹುಶಃ ಬರುತ್ತಿರಲಿಲ್ಲ. ಎರಡು ಲೋಹಗಳ ನಡುವಿನ ಅರ್ಧ ಅಂಕಿ ಎಂದು ಮೇಲೆ ಹೇಳಿದೆನಲ್ಲ, ಅದು ಕಿವಿಗೆ ಕೇಳುವುದು ಇಂಥ ಏರಿನಲ್ಲೇ.

ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದೇನೆ, ಅಲ್ಯೂಮಿನಿಯಂ ಹೆಡ್ಡು. ಹೋದ ಬೇಸಗೆಯಲ್ಲಿ ತೊಪ್ಪೂರು ಘಾಟಿಯಲ್ಲಿ ಕುದಿದು ನಿಂತಿತು. ಬಿಚ್ಚಿದಾಗ ನೀರಿನ ತೂತುಗಳ ಸುತ್ತ ಗೆದ್ದಲು ತಿಂದ ಹಾಗೆ ಕಾಣಿಸಿತು. ಲೇತ್‌ನವರು ಆರ್ಗಾನ್ ವೆಲ್ಡಿಂಗ್ ಮಾಡಿ ಫೇಸಿಂಗ್ ಹೊಡೆದು ಕೊಡುತ್ತೇವೆ ಅನ್ನುತ್ತಾರೆ. ನಂಬಬಹುದೇ? ಬೀಡಿನ ಹೆಡ್ಡು ಆಗಿದ್ದರೆ ಹೀಗೆ ಆಗುತ್ತಿತ್ತೇ?
— ಕೃಷ್ಣಗಿರಿ

ಈ ಕಾಗದ ಓದಿ ಬೇಸರವಾಯಿತು. ಅಲ್ಯೂಮಿನಿಯಂಗೆ ನಮ್ಮ ಸೀಮೆಯಲ್ಲಿ ಕೆಟ್ಟ ಹೆಸರು ಬಂದದ್ದು ಹೀಗೇ, ಆದರೆ ತಪ್ಪು ಲೋಹದ್ದಲ್ಲ. ನೀವು ಬರೆದಿಲ್ಲವಾದರೂ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತಿದ್ದಿರಿ ಎಂದು ಆ ಗೆದ್ದಲಿನ ಗುರುತೇ ಹೇಳುತ್ತಿದೆ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚೆಂದು ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆಯನ್ನೇ ಮಾಡಬೇಕಾಯಿತು. ಬೋರ್‌ವೆಲ್ಲಿನ ಗಡಸು ನೀರು ಎಂಜಿನ್ನಿನೊಳಗೆ ಎರಡು ಕೆಲಸ ಮಾಡುತ್ತದೆ. ಒಂದು, ಕುದಿಯುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವನ್ನೇ ಹೆಡ್ಡಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಬಿಸಿ ದಾಟಿಸುವುದೇ ಅಲ್ಯೂಮಿನಿಯಂನ ದೊಡ್ಡ ಗುಣ, ಅದಕ್ಕೇ ಕಂಬಳಿ ಹೊದಿಸಿದಂತಾಯಿತು. ಎರಡು, ನೀರಿನ ಲವಣಗಳು. ನಿಮ್ಮ ಗಾಡಿಯಲ್ಲಿ ಬ್ಲಾಕು ಬೀಡು, ಹೆಡ್ಡು ಅಲ್ಯೂಮಿನಿಯಂ, ರೇಡಿಯೇಟರು ಹಿತ್ತಾಳೆ ತಾಮ್ರ. ಮೂರು ಲೋಹಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿದರೆ ಅದು ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವ ಲೋಹ ಅಲ್ಯೂಮಿನಿಯಂ. ಬೀಡಿನ ಹೆಡ್ಡಾಗಿದ್ದರೆ ತುಕ್ಕು ಹಿಡಿಯುತ್ತಿತ್ತು, ಇಷ್ಟು ಬೇಗ ತೂತಾಗುತ್ತಿರಲಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಅದೇ ಉತ್ತರ.

ಕುದಿತದ ಕಥೆ ಬೇರೆ. ಕಾಯಿಸಿದರೆ ಅಲ್ಯೂಮಿನಿಯಂ ಬೀಡಿನ ಎರಡು ಪಟ್ಟು ಹಿಗ್ಗುತ್ತದೆ. 400 ಮಿಲಿಮೀಟರ್ ಉದ್ದದ ಹೆಡ್ಡು 80 ಡಿಗ್ರಿ ಬಿಸಿಯೇರಿದರೆ ಬೀಡು ಹಿಗ್ಗುವುದು 0.35 ಮಿಲಿಮೀಟರ್, ಅಲ್ಯೂಮಿನಿಯಂ 0.7. ಆ ವ್ಯತ್ಯಾಸವನ್ನು ದಿನಾ ಸಹಿಸಬೇಕಾದ್ದು ನಡುವಿನ ಗ್ಯಾಸ್ಕೆಟ್. ನೀರು ಬತ್ತಿ ಹೆಡ್ಡು ವಿಪರೀತ ಕಾದಾಗ ಹಿಗ್ಗಲು ಜಾಗ ಸಿಗದೆ, ಬೋಲ್ಟುಗಳ ನಡುವೆ ಬಿಲ್ಲಿನಂತೆ ಬಾಗುತ್ತದೆ. ಜೊತೆಗೆ ಲೋಹದ ಹದವೂ ಹೋಗುತ್ತದೆ. ಒಳ್ಳೆಯ ಹೆಡ್ಡುಗಳಿಗೆ ಎರಕದ ನಂತರ ಕಾಯಿಸಿ, ಅದ್ದಿ, ಮತ್ತೆ ಮೆಲ್ಲಗೆ ಕಾಯಿಸಿ ಗಡಸು ಕೊಟ್ಟಿರುತ್ತಾರೆ. 200 ಡಿಗ್ರಿ ದಾಟಿ ಬಹಳ ಹೊತ್ತು ಇದ್ದರೆ ಆ ಗಡಸು ಇಳಿಯುತ್ತದೆ. ನೋಡಲು ಹೆಡ್ಡು ಹಾಗೇ ಇರುತ್ತದೆ, ಬೋಲ್ಟಿನ ಕೆಳಗೆ ಮಾತ್ರ ಕುಸಿಯತೊಡಗುತ್ತದೆ.

ಆದ್ದರಿಂದ ಲೇತ್‌ನವರಿಗೆ ಹೇಳಿ: ಮೊದಲು ಪರೀಕ್ಷೆ, ಆಮೇಲೆ ವೆಲ್ಡಿಂಗ್. ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ಬಾಗು ಅಳೆಯಲಿ. 0.05 ಮಿಲಿಮೀಟರಿನೊಳಗೆ ಇದ್ದರೆ ಸಮಾಧಾನ. ಕೆಂಪು ಬಣ್ಣ ಬಿಟ್ಟು ಬಿಳಿ ಪುಡಿ ಹೊಡೆಯುವ ಬಿರುಕು ಪರೀಕ್ಷೆ ಮಾಡಲಿ. ನೀರಿನ ದಾರಿ ಮುಚ್ಚಿ, ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಲಿ. ಗಡಸು ಅಳೆಯುವ ಯಂತ್ರ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ಹುಡುಕಿದರೆ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಗಡಸು ಉಳಿದಿದ್ದರೆ ಆರ್ಗಾನ್ ವೆಲ್ಡಿಂಗ್ ಧೈರ್ಯವಾಗಿ ಮಾಡಿಸಿ. ಈ ಒಂದು ವಿಷಯದಲ್ಲಿ ಅಲ್ಯೂಮಿನಿಯಂ ಬೀಡಿಗಿಂತ ಮೇಲು. ಬೀಡಿನ ಹೆಡ್ಡನ್ನು ವೆಲ್ಡ್ ಮಾಡಬೇಕಾದರೆ ಇಡೀ ಹೆಡ್ಡನ್ನು ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಮಾಡಿ, ಮೆಲ್ಲಗೆ ಆರಿಸಬೇಕು; ಅವಸರ ಪಟ್ಟರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಗಡಸು ಹೋಗಿದ್ದರೆ ಮಾತ್ರ ಆ ಹೆಡ್ಡಿಗೆ ಒಂದು ರೂಪಾಯಿಯೂ ಹಾಕಬೇಡಿ. ಬೇರೆ ಹೆಡ್ಡು ಹುಡುಕಿ.

ಕಟ್ಟಿದ ಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಕೂಲಂಟು ಬೆರೆಸಿ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ದಾರಿಯಲ್ಲಿ ಬೇರೆ ನೀರು ಹಾಕಲೇಬೇಕಾಗಿ ಬಂದರೆ ಹಾಕಿ, ಊರು ಸೇರಿದ ಕೂಡಲೇ ಪೂರ್ತಿ ಖಾಲಿ ಮಾಡಿ ತೊಳೆಯಿರಿ.

ಅಣ್ಣಾ, ನನ್ನದು ಹಳೇ ಕಾಸ್ಟ್ ಐರನ್ ಬುಲೆಟ್ 350. ಹೆಡ್ಡು ತೆಗೆಸಿ ಅಲ್ಯೂಮಿನಿಯಂ ಹಾಕಿಸಿದರೆ ಪಿಕಪ್ ಬರ್ತದಾ?
— ಕೆಲಮಂಗಲ

ನಿಮ್ಮ ಬುಲೆಟ್ಟಿನ ಹೆಡ್ಡು ಅಲ್ಯೂಮಿನಿಯಂದೇ ತಮ್ಮಾ. ಒಂದು ಅಯಸ್ಕಾಂತ ತೆಗೆದುಕೊಂಡು ಹಿಡಿದು ನೋಡಿ: ಕೆಳಗಿನ ಬ್ಯಾರಲ್ಲಿಗೆ ಅಂಟುತ್ತದೆ, ಮೇಲಿನ ಹೆಡ್ಡಿಗೆ ಅಂಟುವುದಿಲ್ಲ. 1949ರಲ್ಲಿ ಇಂಗ್ಲೆಂಡಿನಲ್ಲಿ ಆ ಮಾದರಿ ಬಂದಾಗಿಂದಲೂ ಹೆಡ್ಡು ಹಗುರ ಲೋಹದ್ದು. 'ಕಾಸ್ಟ್ ಐರನ್' ಅನ್ನುವ ಹೆಸರು ಬ್ಯಾರಲ್ಲಿನದು. ಆಮೇಲೆ ಬಂದ ಯುಸಿಇ ಎಂಜಿನ್ನಿನಲ್ಲಿ ಬ್ಯಾರಲ್ಲೂ ಅಲ್ಯೂಮಿನಿಯಂ.

ಹಾಗಾಗಿ ದುಡ್ಡು ಬೇರೆ ಕಡೆ ಹಾಕಿ. ವಾಲ್ವ್ ಗೈಡ್ ಸವೆದಿದೆಯೇ ನೋಡಿಸಿ, ಸೀಟಿಗೆ ಗ್ರೈಂಡಿಂಗ್ ಮಾಡಿಸಿ, ಫಿನ್ನುಗಳ ನಡುವಿನ ಜಿಡ್ಡುಮಣ್ಣು ತೊಳೆಸಿ. ಟ್ಯಾಪೆಟ್ಟನ್ನು ಎಂಜಿನ್ ಆರಿದಾಗಲೇ ಸೆಟ್ ಮಾಡಬೇಕು. ಪುಶ್‌ರಾಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಸ್ಪಾರ್ಕ್ ಪ್ಲಗ್ಗನ್ನು ಎಂದೂ ಬಿಸಿ ಹೆಡ್ಡಿನಿಂದ ಬಿಚ್ಚಬೇಡಿ. ಕಲಿಯುವ ದಿನಗಳಲ್ಲಿ ನಾನು ಬಿಚ್ಚಿ, ಪ್ಲಗ್ಗಿನ ಜೊತೆ ಅಲ್ಯೂಮಿನಿಯಂ ಮರೆಯನ್ನೂ ಸುರುಳಿಯಾಗಿ ಹೊರಗೆ ತಂದವನು. ಆ ಗಾಡಿಯ ಯಜಮಾನರ ಮುಖ ಇನ್ನೂ ನೆನಪಿದೆ.

ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಅಲ್ಯೂಮಿನಿಯಂ ಅಷ್ಟು ಒಳ್ಳೆಯದಾದರೆ ಲಾರಿ ಎಂಜಿನ್ನಿಗೆ ಇನ್ನೂ ಬೀಡಿನ ಹೆಡ್ಡು ಯಾಕೆ ಹಾಕುತ್ತಾರೆ ಸಾರ್? ಪಾಠದಲ್ಲಿ ಬೆಲೆ ಕಡಿಮೆ ಅಂತ ಮಾತ್ರ ಹೇಳಿದರು.
— ದೇಂಕಣಿಕೋಟೆ

ಬೆಲೆಯೂ ಒಂದು ಕಾರಣ, ದೊಡ್ಡ ಕಾರಣ ಅದಲ್ಲ. ನಿಮ್ಮ ಹೊಸೂರಿನಲ್ಲೇ ಎರಡಕ್ಕೂ ಉದಾಹರಣೆ ಇದೆ. 2013ರಲ್ಲಿ ಟಿವಿಎಸ್ ಮತ್ತು ಬಿಎಂಡಬ್ಲ್ಯು ಒಪ್ಪಂದ ಮಾಡಿಕೊಂಡ ಮೇಲೆ ಅಲ್ಲಿ ಬಿಎಂಡಬ್ಲ್ಯು ಜಿ 310 ಬೈಕು ತಯಾರಾಯಿತು, 2017ರ ಕೊನೆಯಲ್ಲಿ ಅದೇ ಎಂಜಿನ್ನಿನ ಅಪಾಚೆ ಆರ್‌ಆರ್ 310 ಬಂತು. 80 ಮಿಲಿಮೀಟರ್ ಬೋರು, 62.1 ಸ್ಟ್ರೋಕು, 9,700 ಸುತ್ತಿಗೆ 34 ಕುದುರೆಶಕ್ತಿ. ಹೆಡ್ಡನ್ನು ತಿರುಗಿಸಿ ಕೂರಿಸಿದ್ದಾರೆ: ಗಾಳಿ ಮುಂದಿನಿಂದ ಒಳಗೆ, ಹೊಗೆ ಹಿಂದಿನಿಂದ ಹೊರಗೆ. ಆ ವೇಗದಲ್ಲಿ ತಿರುಗುವ ಪೆಟ್ರೋಲ್ ಎಂಜಿನ್ನಿನ ಗೂಡು ಬಿಸಿಯನ್ನು ಕ್ಷಣಕ್ಷಣವೂ ಬಿಟ್ಟುಕೊಡಬೇಕು, ಬೈಕಿನ ತೂಕವೂ ಕಡಿಮೆ ಇರಬೇಕು. ಅಲ್ಲಿ ಬೀಡಿಗೆ ಜಾಗವಿಲ್ಲ.

ಲಾರಿಯ ಡೀಸೆಲ್ ಬೇರೆ ಲೋಕ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವಾಗ ಒತ್ತಡ 50ರಿಂದ 70 ಬಾರ್ ಇದ್ದರೆ, ಇಂದಿನ ಲಾರಿ ಡೀಸೆಲ್ಲಿನಲ್ಲಿ 150 ದಾಟುತ್ತದೆ. ಆ ಪೆಟ್ಟನ್ನು ಹೆಡ್ಡು ಬಾಗದೆ ಲಕ್ಷಾಂತರ ಕಿಲೋಮೀಟರು ತಾಳಬೇಕು. ಅಲ್ಯೂಮಿನಿಯಂ 200 ಡಿಗ್ರಿಯ ಮೇಲೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ, ಬೀಡು ಆ ಬಿಸಿಯಲ್ಲೂ ಬಿಗಿಯಾಗಿ ನಿಲ್ಲುತ್ತದೆ. ಮತ್ತೆ ಡೀಸೆಲ್ಲಿನಲ್ಲಿ ಗೂಡಿನ ಬಿಸಿಗೆ ಹೆದರಿ ಕಂಪ್ರೆಶನ್ ಇಳಿಸುವ ಪ್ರಶ್ನೆಯೇ ಇಲ್ಲ. ಆ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಅಂದರೆ ಅಲ್ಯೂಮಿನಿಯಂ ಕೊಡುವ ಮುಖ್ಯ ಲಾಭ ಅಲ್ಲಿ ಬೇಕಾಗಿಯೇ ಇಲ್ಲ. ಸಣ್ಣ ಕಾರುಗಳ ಡೀಸೆಲ್ಲಿನಲ್ಲಿ ಬೀಡಿನ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ಡು ಬಂದಿದೆ. ಮಾರುತಿ ಸ್ವಿಫ್ಟಿನಲ್ಲಿದ್ದ ಫಿಯಟ್‌ನ 1.3 ಲೀಟರ್ ಎಂಜಿನ್ ಅಂಥದ್ದು. ಅಲ್ಲಿ ತೂಕದ ಲೆಕ್ಕ ಗೆದ್ದಿತು. ಲಾರಿಯಲ್ಲಿ ಆಯುಷ್ಯದ ಲೆಕ್ಕವೇ ಗೆಲ್ಲುತ್ತದೆ.

ಒಂದು ಕೆಲಸ ಮಾಡಿ. ಗುಜರಿ ಅಂಗಡಿಯಿಂದ ಒಡೆದ ಬೀಡಿನ ಹೆಡ್ಡೊಂದು, ಅಲ್ಯೂಮಿನಿಯಂ ಹೆಡ್ಡೊಂದು ತಂದು ಗರಗಸದಲ್ಲಿ ಅಡ್ಡ ಕೊಯ್ಯಿರಿ. ಅಲ್ಯೂಮಿನಿಯಂನ ಗೋಡೆ ಎಷ್ಟು ದಪ್ಪ, ಬೀಡಿನದು ಎಷ್ಟು ತೆಳು ನೋಡಿ. ಮೆತ್ತನೆಯ ಲೋಹಕ್ಕೆ ಗಾತ್ರದಿಂದ ಬಲ ಕೊಟ್ಟಿರುತ್ತಾರೆ. ಆದ್ದರಿಂದಲೇ ಲೋಹದ ತೂಕದಲ್ಲಿ ಕಾಣುವ ಎರಡೂವರೆ ಪಟ್ಟು ವ್ಯತ್ಯಾಸ ಹೆಡ್ಡಿನ ತೂಕದಲ್ಲಿ ಪೂರ್ತಿ ಕಾಣುವುದಿಲ್ಲ.

ಮಗನಿಗೆ ಇಪ್ಪತ್ತೆರಡು ವರ್ಷ. ಹಳೆಯ ಕಾರೊಂದನ್ನು ತಂದಿದ್ದಾನೆ. ರೇಸಿನ ಹೆಡ್ಡು ಹಾಕಿಸಬೇಕು ಅಂತ ದುಡ್ಡು ಕೇಳುತ್ತಿದ್ದಾನೆ. ನನಗೆ ಇದೆಲ್ಲ ತಿಳಿಯದು. ಕೊಡಬಹುದೇ?
— ಒಬ್ಬ ತಾಯಿ, ಶೂಲಗಿರಿ

ಅಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕೈಯಲ್ಲಿ ಎಣ್ಣೆ ಮೆತ್ತಿಕೊಂಡು ಹಳೆಯ ಎಂಜಿನ್ ಬಿಚ್ಚುವ ಹುಡುಗ ಒಳ್ಳೆಯ ದಾರಿಯಲ್ಲೇ ಇದ್ದಾನೆ. ಅವನ ಉತ್ಸಾಹಕ್ಕೆ ತಣ್ಣೀರು ಹಾಕಬೇಡಿ. ಆದರೆ ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ.

ಬ್ರೇಕು, ಟೈರು, ಸ್ಟಿಯರಿಂಗ್ ಸರಿಮಾಡಿಸಿದ್ದೀಯಾ? ಶೂಲಗಿರಿಯ ಮುಂದೆ ಹಾದುಹೋಗುವ ಹೆದ್ದಾರಿ ನಿಮಗೆ ಗೊತ್ತು. ಹಳೆಯ ಕಾರನ್ನು ವೇಗವಾಗಿ ಓಡುವಂತೆ ಮಾಡಿ, ನಿಲ್ಲುವಂತೆ ಮಾಡದಿದ್ದರೆ ಆ ಹೆಡ್ಡು ಬೀಡೋ ಅಲ್ಯೂಮಿನಿಯಮ್ಮೋ ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ಮೊದಲ ಕಂತು ಬ್ರೇಕಿಗೇ ಹೋಗಲಿ.

ಕಾಗದಪತ್ರ ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರು ಕೊಟ್ಟ ವಿವರಕ್ಕೂ ಹೊಂದದ ಬದಲಾವಣೆಯನ್ನು ಗಾಡಿಗೆ ಮಾಡುವಂತಿಲ್ಲ. ಇದ್ದ ಹೆಡ್ಡನ್ನೇ ದುರಸ್ತಿ ಮಾಡಿಸಿದರೆ ತೊಂದರೆಯಿಲ್ಲ. ಎಂಜಿನ್ನನ್ನೇ ಬದಲಿಸುವುದಾದರೆ ಆರ್‌ಟಿಓ ಅನುಮತಿ ಬೇಕೇ ಬೇಕು. ಓಟದ ಆಸೆ ಇದ್ದರೆ ರಸ್ತೆಯಲ್ಲಿ ಬೇಡ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ ರೇಸಿಗೆಂದೇ ಕಟ್ಟಿದ ಟ್ರ್ಯಾಕು ಇದೆ.

ಮೂರನೆಯದು, ಹಳೆಯ ಹೆಡ್ಡನ್ನು ಬಿಚ್ಚಿ ಅಳೆಸಿದ್ದೀಯಾ? ಇಲ್ಲ ಅಂದರೆ ಹೊಸದಕ್ಕೆ ದುಡ್ಡು ಕೊಡಬೇಡಿ. ಅಳೆಸಲು, ಸೀಟು ಕೂರಿಸಲು, ಫೇಸಿಂಗಿಗೆ ಎಷ್ಟಾಗುತ್ತದೋ ಅಷ್ಟು ಕೊಡಿ. ಅವನ ಎಂಜಿನ್ನಿಗೆ ಬೇಕಾದ ಶಕ್ತಿಯ ಬಹುಪಾಲು ಆ ಕೆಲಸದಲ್ಲೇ ಇದೆ. ಹೆಡ್ಡನ್ನು ಲೇತ್ ಅಂಗಡಿಗೆ ಒಯ್ಯುವ ದಿನ ಆದರೆ ನೀವೂ ಅವನ ಜೊತೆ ಹೋಗಿ ಬನ್ನಿ ಅಮ್ಮಾ.